ಕದ್ದ ಮಾಲಿನ ಬೆಲೆ ಎಷ್ಟು?

1978ರ ಮಳೆಗಾಲದಲ್ಲಿ ನಮ್ಮ ತಂದೆಯ ಸೈಕಲ್ಲು ಕಳವಾಯಿತು. ತಾಲ್ಲೂಕು ಕಚೇರಿಯ ಪಕ್ಕದ ಹೋಟೆಲಿನ ಮುಂದೆ ನಿಲ್ಲಿಸಿ, ಒಂದು ಕಾಫಿ ಕುಡಿದು ಹೊರಬರುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ದೂರು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಠಾಣೆಯ ರೈಟರು ಸೈಕಲ್ಲಿನ ಬಣ್ಣ, ನಂಬರು, ಹಿಂದಿನ ಕ್ಯಾರಿಯರು ಎಲ್ಲವನ್ನೂ ಬರೆದುಕೊಂಡ ಮೇಲೆ ಪೆನ್ನು ನಿಲ್ಲಿಸಿ ಕೇಳಿದರು: "ಮಾಲಿನ ಬೆಲೆ ಎಷ್ಟು ಬರೀಲಿ ಸ್ವಾಮಿ?"

ಎಂಟು ವರ್ಷ ಹಳೆಯ ಸೈಕಲ್ಲು. ಮಾರಿದರೆ ಇನ್ನೂರು ರೂಪಾಯಿ ಸಿಕ್ಕಿದ್ದರೆ ಹೆಚ್ಚು. ತಂದೆ ಸ್ವಲ್ಪ ಬಿಗಿಯಾಗಿಯೇ "ನಾನೂರು" ಎಂದರು. ರೈಟರು ತಲೆಯೆತ್ತಿ ನೋಡಿ, "ಇನ್ನೂರೈವತ್ತರೊಳಗೆ ಇದ್ರೆ ಒಳ್ಳೇದು, ನಾಳೆ ರಾಜಿ ಗೀಜಿ ಅಂದ್ರೆ ಅನುಕೂಲ" ಎಂದರು. ತಂದೆಗೆ ಅದು ಕಳ್ಳನ ಪರವಾದ ಮಾತಿನಂತೆ ಕೇಳಿಸಿತು. ನಾನೂರೇ ಆಯಿತು.

ಮೂರು ವಾರದಲ್ಲಿ ಸೈಕಲ್ಲು ಸಿಕ್ಕಿತು. ಕದ್ದವನು ಅದೇ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹತ್ತೊಂಬತ್ತರ ಹುಡುಗ. ಅವನ ತಾಯಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ಅತ್ತ ಮೇಲೆ ತಂದೆಯ ಸಿಟ್ಟು ಇಳಿಯಿತು. ಬಿಟ್ಟುಬಿಡೋಣ ಎಂದುಕೊಂಡು ವಕೀಲರ ಬಳಿ ಹೋದರು. ರೈಟರ ಮಾತಿನ ಅರ್ಥ ಅವರಿಗಾದದ್ದು ಆಗ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮಿನ ಪ್ರಕಾರ ಕದ್ದ ಮಾಲಿನ ಬೆಲೆ 250 ರೂಪಾಯಿ ಮೀರದಿದ್ದರೆ ಮಾತ್ರ, ನ್ಯಾಯಾಲಯದ ಅನುಮತಿ ಪಡೆದು, ಮಾಲೀಕ ರಾಜಿ ಮಾಡಿಕೊಳ್ಳಬಹುದಿತ್ತು. 200 ರೂಪಾಯಿ ಮೀರದಿದ್ದರೆ ಸಂಕ್ಷಿಪ್ತ ವಿಚಾರಣೆಯಲ್ಲಿ ಬೇಗ ಮುಗಿಸುವ ದಾರಿಯೂ ಇತ್ತು. ನಾನೂರೆಂದು ಬರೆಸಿದ್ದರಿಂದ ಎರಡು ಬಾಗಿಲೂ ಮುಚ್ಚಿಕೊಂಡವು. ಹದಿನಾಲ್ಕು ತಿಂಗಳು ಆ ಹುಡುಗ ವಾಯಿದೆಯಿಂದ ವಾಯಿದೆಗೆ ಅಲೆದ. ಹೋಟೆಲಿನ ಕೆಲಸ ಹೋಯಿತು. ಕೊನೆಗೆ ಮ್ಯಾಜಿಸ್ಟ್ರೇಟರು ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ, 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಿದರು. "ನನ್ನ ಇನ್ನೂರು ರೂಪಾಯಿ ಜಂಬಕ್ಕೆ ಅವನ ಒಂದು ವರ್ಷ ಹೋಯ್ತು" ಎಂದು ತಂದೆ ಬಹಳ ಕಾಲ ಹೇಳುತ್ತಿದ್ದರು.

ಈ "ಬೆಲೆ ಎಷ್ಟು" ಎಂಬ ಪ್ರಶ್ನೆ ನಮ್ಮ ಠಾಣೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಏಳೂವರೆ ಶತಮಾನದ ವಂಶಾವಳಿ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಈಗ 2024ರಲ್ಲಿ ನಮ್ಮ ದಂಡಸಂಹಿತೆಯೊಳಕ್ಕೂ ಅದು ಕಾಲಿಟ್ಟಿದೆ. ಕದ್ದದ್ದು ಎಷ್ಟರ ಮಾಲು ಎಂಬುದನ್ನು ಕಾನೂನು ಕೇಳುತ್ತದೆ. ಆದರೆ ಉತ್ತರ ಹೇಳುವವರು ಠಾಣೆಯವರು, ಸ್ಥಳೀಯ ವಕೀಲರು, ಊರಿನ ಜ್ಯೂರಿ. ಹಾಗಾಗಿ ಒಂದೇ ಕಳವು ಒಂದು ನ್ಯಾಯಾಲಯದಲ್ಲಿ ಒಂದಾಗಿಯೂ ಪಕ್ಕದ ನ್ಯಾಯಾಲಯದಲ್ಲಿ ಇನ್ನೊಂದಾಗಿಯೂ ಮುಗಿಯುತ್ತದೆ.

ಹನ್ನೆರಡು ಪೆನ್ನಿಯ ಗೆರೆ

ಇಂಗ್ಲಿಷರ ಹಳೆಯ ಕಾನೂನಿನಲ್ಲಿ ಕಳವು ಎರಡು ಬಗೆ: ದೊಡ್ಡ ಕಳವು, ಸಣ್ಣ ಕಳವು. ನಡುವಿನ ಗೆರೆ ಹನ್ನೆರಡು ಪೆನ್ನಿ, ಅಂದರೆ ಒಂದು ಶಿಲಿಂಗು. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನದ ಹೆಸರಿನಲ್ಲಿ ಈ ಗೆರೆಯನ್ನು ಗುರುತಿಸುವುದು ವಾಡಿಕೆ. ಒಂದು ಶಿಲಿಂಗಿಗಿಂತ ಹೆಚ್ಚಿನ ಮಾಲು ಕದ್ದರೆ ಮರಣದಂಡನೆಗೆ ಅರ್ಹವಾದ ಗುರುತರ ಅಪರಾಧ; ಅಷ್ಟರೊಳಗಾದರೆ ಚಾಟಿಯೇಟು. 13ನೆಯ ಶತಮಾನದಲ್ಲಿ ಒಂದು ಶಿಲಿಂಗಿಗೆ ಕುರಿ ಬರುತ್ತಿತ್ತು. ಕಾಲ ಸರಿದಂತೆ ಎಲ್ಲ ವಸ್ತುಗಳ ಬೆಲೆ ಏರಿತು, ಗೆರೆ ಮಾತ್ರ ಅಲ್ಲೇ ನಿಂತಿತು. 17ನೆಯ ಶತಮಾನದ ವಿದ್ವಾಂಸ ಸರ್ ಹೆನ್ರಿ ಸ್ಪೆಲ್ಮನ್ ಇದನ್ನು ಕಂಡು, ಲೋಕದಲ್ಲಿ ಎಲ್ಲವೂ ತುಟ್ಟಿಯಾಗಿ ಮನುಷ್ಯನ ಪ್ರಾಣವೊಂದೇ ಅಗ್ಗವಾಗಿದೆಯಲ್ಲ ಎಂದು ಕೊರಗಿದ್ದ.

ಕಾನೂನಿನ ಅಕ್ಷರದಂತೆ ನಡೆದಿದ್ದರೆ ಇಂಗ್ಲೆಂಡಿನಲ್ಲಿ ಹಗ್ಗ ಹೊಸೆಯುವವರಿಗೆ ಬಿಡುವೇ ಸಿಗುತ್ತಿರಲಿಲ್ಲ. ಮೊದಲ ಸಲ ಸಿಕ್ಕಿಬಿದ್ದವರಿಗೆ "ಪಾದ್ರಿ ವಿನಾಯಿತಿ" ಎಂಬ ವಿಚಿತ್ರ ರಕ್ಷಣೆಯಿತ್ತು. ಮೂಲದಲ್ಲಿ ಪಾದ್ರಿಗಳಿಗೆ ಮಾತ್ರ ಸಲ್ಲುತ್ತಿದ್ದ ಇದು ಕ್ರಮೇಣ ಬೈಬಲಿನ ಒಂದು ಸಾಲು ಓದಬಲ್ಲ ಯಾರಿಗಾದರೂ ಸಿಕ್ಕಿ, 1706ರಲ್ಲಿ ಆ ಓದಿನ ಪರೀಕ್ಷೆಯೂ ಹೋಯಿತು. ಆದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಪಾರ್ಲಿಮೆಂಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು. ಅಂಗಡಿಯಿಂದ ಯಾರಿಗೂ ಕಾಣದಂತೆ ಐದು ಶಿಲಿಂಗಿನ ಮಾಲು ಎತ್ತಿದರೆ ವಿನಾಯಿತಿ ಇಲ್ಲ ಎಂದು 1699ರಲ್ಲಿ ಒಂದು ಕಾಯ್ದೆ. ವಾಸದ ಮನೆಯೊಳಗಿಂದ ನಲವತ್ತು ಶಿಲಿಂಗಿನಷ್ಟು ಕದ್ದರೆ ವಿನಾಯಿತಿ ಇಲ್ಲ ಎಂದು 1713ರಲ್ಲಿ ಇನ್ನೊಂದು. ಹೀಗೆ ಒಂದು ಗೆರೆ ಇದ್ದಲ್ಲಿ ಮೂರು ಗೆರೆಗಳಾದವು: ಒಂದು ಶಿಲಿಂಗು, ಐದು ಶಿಲಿಂಗು, ನಲವತ್ತು ಶಿಲಿಂಗು.

ಇನ್ನು ಅಂದಿನ ನ್ಯಾಯಾಲಯಗಳ ರೀತಿ ನೋಡಿ. ಚಿಲ್ಲರೆ ಮೊಕದ್ದಮೆಗಳನ್ನು ಆಯಾ ಕೌಂಟಿಯ ಗೌರವಸ್ಥ ಜಮೀನ್ದಾರರೇ ಮೂರು ತಿಂಗಳಿಗೊಮ್ಮೆ ಕುಳಿತು ವಿಚಾರಿಸುತ್ತಿದ್ದರು. ದೊಡ್ಡ ಮೊಕದ್ದಮೆಗಳಿಗೆ ಲಂಡನ್ನಿನಿಂದ ನ್ಯಾಯಾಧೀಶರು ಕುದುರೆ ಗಾಡಿಯಲ್ಲಿ ಸುತ್ತು ಹೊರಟು, ವರ್ಷಕ್ಕೆ ಎರಡು ಸಲ ಜಿಲ್ಲಾ ಪಟ್ಟಣಗಳಿಗೆ ಬರುತ್ತಿದ್ದರು. ಲಂಡನ್ನಿಗೆ ಮಾತ್ರ ತನ್ನದೇ ಆದ ಓಲ್ಡ್ ಬೈಲಿ ನ್ಯಾಯಾಲಯ. ಪೊಲೀಸರಿಲ್ಲ, ಸರಕಾರಿ ವಕೀಲರಿಲ್ಲ. ಮಾಲು ಕಳೆದುಕೊಂಡವನೇ ಖರ್ಚು ಹಾಕಿ ಮೊಕದ್ದಮೆ ನಡೆಸಬೇಕು. ಆರೋಪಿಗೂ ವಕೀಲನಿಲ್ಲ. ಗುರುತರ ಅಪರಾಧದ ಆರೋಪಿಯ ಪರವಾಗಿ ವಕೀಲ ಜ್ಯೂರಿಯ ಮುಂದೆ ಪೂರ್ಣವಾಗಿ ವಾದಿಸುವ ಹಕ್ಕು ಅಲ್ಲಿ ಬಂದದ್ದು 1836ರಲ್ಲಿ. ಒಂದು ಕಳವಿನ ವಿಚಾರಣೆ ಅರ್ಧ ಗಂಟೆ ಮೀರುವುದೇ ಅಪರೂಪ. ಇಷ್ಟೆಲ್ಲದರ ಕೊನೆಗೆ ಹನ್ನೆರಡು ಮಂದಿ ಜ್ಯೂರಿ ಎದ್ದು ನಿಂತು ತೀರ್ಪು ಹೇಳುತ್ತಿದ್ದರು. ಇವರೇನು ಕರುಣಾಮೂರ್ತಿಗಳಲ್ಲ. ಅಂಗಡಿ ಇಟ್ಟವರು, ಕಸುಬುದಾರರು; ಕಳ್ಳತನದ ನಷ್ಟವನ್ನು ಸ್ವತಃ ಉಂಡವರು.

ಆದರೂ ಅವರು ಮಾಡಿದ್ದೇನು? ಕಳ್ಳನನ್ನು ಬಿಡಲಿಲ್ಲ, ಮಾಲಿನ ಬೆಲೆ ಇಳಿಸಿದರು. ಮನೆಯಿಂದ ಕದ್ದ ಬೆಳ್ಳಿ ಸಾಮಾನು ಎಷ್ಟೇ ಬಾಳಲಿ, "ತಪ್ಪಿತಸ್ಥ, 39 ಶಿಲಿಂಗಿನಷ್ಟಕ್ಕೆ" ಎಂದರು. ಅಂಗಡಿಯ ಮಾಲಾದರೆ "4 ಶಿಲಿಂಗು 10 ಪೆನ್ನಿ". ಸಾದಾ ಕಳವಾದರೆ "10 ಪೆನ್ನಿ". ಓಲ್ಡ್ ಬೈಲಿಯ 1674ರಿಂದ 1913ರವರೆಗಿನ ಮುದ್ರಿತ ನಡವಳಿಗಳನ್ನು ತೆರೆದರೆ ಈ ಅಂಕಿಗಳು ಪುಟಪುಟಕ್ಕೆ ಸಿಗುತ್ತವೆ. ಕದ್ದದ್ದು ಬಟ್ಟೆಯೋ ಪಾತ್ರೆಯೋ ಆದರೆ ಬೆಲೆಯ ಬಗ್ಗೆ ವಾದಕ್ಕಾದರೂ ಅವಕಾಶವಿದೆ. ಕೆಲವೊಮ್ಮೆ ಕದ್ದದ್ದು ರೊಕ್ಕವೇ ಆಗಿರುತ್ತಿತ್ತು! ಎಣಿಸಿಟ್ಟ ಚಿನ್ನದ ನಾಣ್ಯಗಳಿಗೂ ಜ್ಯೂರಿ ಕಣ್ಣು ಮಿಟುಕಿಸದೆ 39 ಶಿಲಿಂಗಿನ ಬೆಲೆ ಕಟ್ಟಿತು. ಕಾನೂನು ಸುಧಾರಣೆಗಾಗಿ ಪಾರ್ಲಿಮೆಂಟಿನಲ್ಲಿ ಹೋರಾಡಿದ ಸ್ಯಾಮ್ಯುಯಲ್ ರೊಮಿಲಿ ಇಂಥ ಉದಾಹರಣೆಗಳನ್ನು ಹೆಕ್ಕಿ ತೆಗೆದು ಮುಂದಿಟ್ಟ; ಮೂರು ಪೌಂಡಿಗೂ ಮೀರಿ ಬಾಳುವ ಡಜನುಗಟ್ಟಲೆ ಕಾಲುಚೀಲ ಜ್ಯೂರಿಯ ಬಾಯಲ್ಲಿ 4 ಶಿಲಿಂಗು 10 ಪೆನ್ನಿಗೆ ಇಳಿದದ್ದು ಅವುಗಳಲ್ಲೊಂದು.

ಜ್ಯೂರಿಯವರು ಸತ್ಯವನ್ನೇ ಹೇಳುತ್ತೇವೆಂದು ದೇವರ ಮೇಲೆ ಪ್ರಮಾಣ ಮಾಡಿ ಕುಳಿತವರು. ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ 1760ರ ದಶಕದಲ್ಲಿ ಇದಕ್ಕೊಂದು ಹೆಸರು ಕೊಟ್ಟ. ಕನ್ನಡದಲ್ಲಿ "ಪುಣ್ಯದ ಸುಳ್ಳಾಣೆ" ಎನ್ನಬಹುದು. ಪುಣ್ಯವೇ, ಪಾಪವೇ ಎಂಬ ಚರ್ಚೆ ಹಾಗಿರಲಿ. ಆ ಒಂದು ಪೆನ್ನಿ, ಎರಡು ಪೆನ್ನಿಯ ಸುಳ್ಳಿನಿಂದ ಗಲ್ಲಿಗೆ ಹೋಗಬೇಕಾದವರು ಏಳು ವರ್ಷದ ದ್ವೀಪಾಂತರಕ್ಕೆ ಹೋದರು. 1718ರ ನಂತರ ಅಮೆರಿಕದ ವಸಾಹತುಗಳಿಗೆ, 1787ರಿಂದ ಆಸ್ಟ್ರೇಲಿಯಾಕ್ಕೆ. ಅದೂ ಸುಖದ ಪಯಣವೇನಲ್ಲ.

ಇಷ್ಟು ಕರುಣೆ ಎಲ್ಲರಿಗೂ ಸಮನಾಗಿ ಸಿಕ್ಕಿತೆ ಎಂದರೆ, ಇಲ್ಲ. ಗುರುತಿನ ಯಜಮಾನ ಬಂದು ಒಳ್ಳೆಯ ಮಾತು ಹೇಳಿದವನಿಗೆ ಸಿಕ್ಕಿತು, ಊರಿಗೆ ಹೊಸಬನಾದವನಿಗೆ ಸಿಗಲಿಲ್ಲ. ಊರಿಂದೂರಿಗೂ ವ್ಯತ್ಯಾಸವಿತ್ತು. ಪೀಟರ್ ಕಿಂಗ್ ಮತ್ತು ರಿಚರ್ಡ್ ವಾರ್ಡ್ ಎಂಬ ಇಬ್ಬರು ಇತಿಹಾಸಕಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. 18ನೆಯ ಶತಮಾನದಲ್ಲಿ ಆಸ್ತಿಯ ಅಪರಾಧಗಳಿಗೆ ಲಂಡನ್ ಮತ್ತು ಅದರ ಸುತ್ತಿನ ಕೌಂಟಿಗಳಲ್ಲಿ ಗಲ್ಲು ಬಿಡುವಿಲ್ಲದೆ ದುಡಿಯುತ್ತಿದ್ದಾಗ, ಕಾರ್ನ್‌ವಾಲ್, ವೇಲ್ಸ್ ಮುಂತಾದ ಅಂಚಿನ ಪ್ರದೇಶಗಳಲ್ಲಿ ಅದು ಹೆಚ್ಚುಕಡಿಮೆ ತುಕ್ಕು ಹಿಡಿದು ನಿಂತಿತ್ತು. ಶಾಸನ ಒಂದೇ, ದೊರೆ ಒಬ್ಬನೇ. ಕದಿಯುವವನು ಎಲ್ಲಿ ಕದ್ದ ಎಂಬುದರ ಮೇಲೆ ಅವನ ಕುತ್ತಿಗೆ ನಿಂತಿತ್ತು.

ಗೆರೆ ಸರಿಸಲು ಹೊರಟ ರೊಮಿಲಿಯ ಪಾಡು ಬೇರೆ. ಒಂದು ಶಿಲಿಂಗಿನ ಜೇಬುಗಳ್ಳತನಕ್ಕಿದ್ದ ಮರಣದಂಡನೆಯನ್ನು 1808ರಲ್ಲಿ ತೆಗೆಸಿದ. ಅಂಗಡಿ ಕಳವಿನ ಐದು ಶಿಲಿಂಗಿನ ಮಸೂದೆ 1810ರಲ್ಲಿ ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು. ಮುಖ್ಯ ನ್ಯಾಯಾಧೀಶ ಎಲೆನ್‌ಬರೊ ಅದರ ವಿರುದ್ಧ ನಿಂತ, ಬಿಷಪ್ಪರೂ ವಿರುದ್ಧವಾಗಿ ಮತ ಹಾಕಿದರು. ರೊಮಿಲಿ 1818ರಲ್ಲಿ ತೀರಿಕೊಂಡ ಮೇಲೆ, 1820ರ ದಶಕದಲ್ಲಿ ಒಂದೊಂದಾಗಿ ಗೆರೆಗಳು ಅಳಿಸಿದವು. ಹನ್ನೆರಡು ಪೆನ್ನಿಯ ಭೇದ 1827ರಲ್ಲಿ ಹೋಯಿತು. ಅದೇ ವರ್ಷ ಮನೆಗಳವಿನ ನಲವತ್ತು ಶಿಲಿಂಗಿನ ಗೆರೆಯನ್ನು ಐದು ಪೌಂಡಿಗೆ, ಅಂದರೆ ನೂರು ಶಿಲಿಂಗಿಗೆ ಏರಿಸಿದರು. ಇಲ್ಲೊಂದು ಸ್ವಾರಸ್ಯ. ಗೆರೆ ಏರಿದ ಕೂಡಲೆ ಜ್ಯೂರಿಗಳ ಬೆಲೆಪಟ್ಟಿಯೂ ಏರಿತು. ನಿನ್ನೆಯವರೆಗೆ 39 ಶಿಲಿಂಗು ಎನ್ನುತ್ತಿದ್ದವರು ಈಗ "4 ಪೌಂಡು 19 ಶಿಲಿಂಗು" ಎನ್ನತೊಡಗಿದರು! 1832ರಲ್ಲಿ ಆ ಅಪರಾಧಕ್ಕೆ ಮರಣದಂಡನೆಯನ್ನೇ ತೆಗೆದ ಮೇಲೆ ಈ ಲೆಕ್ಕಾಚಾರ ನಿಂತಿತು.

ರಸ್ತೆಯ ಆಚೆ, ಈಚೆ

ಅಮೆರಿಕದ ರಾಜ್ಯಗಳು ಸ್ವತಂತ್ರವಾದಾಗ ಇಂಗ್ಲಿಷ್ ಕಾನೂನಿನ ಜೊತೆಗೆ ಈ ಗೆರೆಯನ್ನೂ ಉಳಿಸಿಕೊಂಡವು. ಇಂದಿಗೂ ಅಲ್ಲಿ ಗುರುತರ ಅಪರಾಧಕ್ಕೆ "ಫೆಲನಿ", ಸಣ್ಣದಕ್ಕೆ "ಮಿಸ್‌ಡಿಮೀನರ್" ಎಂಬ ಹೆಸರು. ಗೆರೆ ಮಾತ್ರ ರಾಜ್ಯಕ್ಕೊಂದು. ಟೆಕ್ಸಸ್ಸಿನಲ್ಲಿ 2015ರಿಂದ 2,500 ಡಾಲರು. ನ್ಯೂಜೆರ್ಸಿಯಲ್ಲಿ 200 ಡಾಲರು ಮುಟ್ಟಿದರೆ ಮೇಲಿನ ನ್ಯಾಯಾಲಯದ ಅಪರಾಧ. ಒಳಗಿದ್ದರೆ ಊರಿನ ಮುನಿಸಿಪಲ್ ಕೋರ್ಟಿನಲ್ಲಿ ಜ್ಯೂರಿ ಇಲ್ಲದೆ ಮುಗಿಯುತ್ತದೆ.

ಇದರ ವಿಚಿತ್ರವನ್ನು ಕಣ್ಣಾರೆ ನೋಡಬೇಕಾದರೆ ಬ್ರಿಸ್ಟಲ್ ಎಂಬ ಊರಿಗೆ ಹೋಗಬೇಕು. ಅದರ ಮುಖ್ಯ ಬೀದಿಯೇ ಎರಡು ರಾಜ್ಯಗಳ ಗಡಿ. ಬೀದಿಯ ಉತ್ತರದ ಅಂಗಡಿಗಳು ವರ್ಜೀನಿಯಾದವು, ದಕ್ಷಿಣದವು ಟೆನೆಸಿಯವು. ವರ್ಜೀನಿಯಾದ ಗೆರೆ 1980ರಿಂದ 2018ರವರೆಗೆ 200 ಡಾಲರಿನಲ್ಲೇ ನಿಂತಿತ್ತು. ಟೆನೆಸಿಯದು 2016ರ ಕೊನೆಯ ತನಕ 500 ಡಾಲರು. ಹಾಗಾಗಿ, ನಮ್ಮ ತಂದೆಯ ಸೈಕಲ್ಲಿನಂಥದೇ ಒಂದು 300 ಡಾಲರಿನ ಸೈಕಲ್ಲನ್ನು 2016ರಲ್ಲಿ ಒಬ್ಬ ಆ ಬೀದಿಯ ದಕ್ಷಿಣದ ಕಡೆಯಿಂದ ಕದ್ದನೆಂದರೆ ಅವನಿಗೆ ಹೆಚ್ಚೆಂದರೆ 11 ತಿಂಗಳು 29 ದಿನದ ಸಜೆ. ರಸ್ತೆ ದಾಟಿ ಉತ್ತರದ ಅಂಗಡಿಯಿಂದ ಕದ್ದರೆ "ಗ್ರಾಂಡ್ ಲಾರ್ಸೆನಿ". ಇಪ್ಪತ್ತು ವರ್ಷದವರೆಗೂ ಸೆರೆಮನೆ. ವರ್ಜೀನಿಯಾ 2018ರಲ್ಲಿ 500ಕ್ಕೆ, 2020ರಲ್ಲಿ 1,000ಕ್ಕೆ ಗೆರೆ ಏರಿಸಿತು. ಟೆನೆಸಿ 2017ರ ಮೊದಲ ದಿನವೇ ಸಾವಿರಕ್ಕೆ ಏರಿಸಿತ್ತು. ಅಂತೂ ರಸ್ತೆಯ ಎರಡು ಬದಿಗೂ ಒಂದೇ ಲೆಕ್ಕ ಆಗಲು 2020 ಬರಬೇಕಾಯಿತು.

ಇಪ್ಪತ್ತು ವರ್ಷ ಎಂಬುದು ಪುಸ್ತಕದ ಮಾತು. ವಾಸ್ತವದಲ್ಲಿ ಮೊದಲ ಸಲದ ಕಳ್ಳನಿಗೆ ಅಷ್ಟು ಯಾರೂ ಕೊಡುವುದಿಲ್ಲ. ವರ್ಜೀನಿಯಾದಲ್ಲಿ ಮೊಕದ್ದಮೆ ಮೊದಲು ಕೆಳಗಿನ ಜಿಲ್ಲಾ ನ್ಯಾಯಾಲಯಕ್ಕೆ ಬರುತ್ತದೆ. ಮೇಲಿನ ನ್ಯಾಯಾಲಯಕ್ಕೆ ಕಳಿಸುವಷ್ಟು ಹುರುಳಿದೆಯೇ ಎಂಬ ಪ್ರಾಥಮಿಕ ವಿಚಾರಣೆ ಅಲ್ಲಿ. ಆ ದಿನ ಬೆಳಿಗ್ಗೆ ನ್ಯಾಯಾಲಯದ ಪಡಸಾಲೆಯಲ್ಲಿ ಸರಕಾರಿ ವಕೀಲ ಮತ್ತು ಆರೋಪಿಯ ವಕೀಲ ಮುಖಾಮುಖಿಯಾಗುತ್ತಾರೆ. "ದೊಡ್ಡ ಕಳವನ್ನು ಸಣ್ಣ ಕಳವಿಗೆ ಇಳಿಸಿ, ನನ್ನ ಕಕ್ಷಿದಾರ ತಪ್ಪೊಪ್ಪಿಕೊಳ್ಳುತ್ತಾನೆ, ಹಣ ತುಂಬಿಕೊಡುತ್ತಾನೆ" ಎಂದು ಇವನು. ಹಿಂದಿನ ದಾಖಲೆ ನೋಡಿ ಹೂಂ ಅಥವಾ ಉಹೂಂ ಎಂದು ಅವನು. ಹಳೆಯ ಜ್ಯೂರಿ ಬಹಿರಂಗವಾಗಿ ಹೇಳುತ್ತಿದ್ದ ಸುಳ್ಳು ಬೆಲೆಯನ್ನು ಈಗ ಇಬ್ಬರು ವಕೀಲರು ಪಡಸಾಲೆಯಲ್ಲಿ ಕುದುರಿಸುತ್ತಾರೆ. ಅಮೆರಿಕದ ರಾಜ್ಯ ನ್ಯಾಯಾಲಯಗಳಲ್ಲಿ ಆಗುವ ಶಿಕ್ಷೆಗಳಲ್ಲಿ ನೂರಕ್ಕೆ 94 ಇಂಥ ತಪ್ಪೊಪ್ಪಿಗೆಯಿಂದಲೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ದಾಖಲಿಸಿತು. ಸರಕಾರಿ ವಕೀಲ ಅಲ್ಲಿ ಸಾಮಾನ್ಯವಾಗಿ ಆಯಾ ಜಿಲ್ಲೆಯ ಮತದಾರರಿಂದ ಆರಿಸಿ ಬಂದವನು. ಒಂದು ಜಿಲ್ಲೆಯಲ್ಲಿ ಬಿಗಿ ಎನಿಸಿಕೊಂಡು ಗೆದ್ದರೆ ಪಕ್ಕದ ಜಿಲ್ಲೆಯಲ್ಲಿ ಉದಾರಿ ಎನಿಸಿಕೊಂಡು ಗೆಲ್ಲುತ್ತಾನೆ. ಕಳ್ಳನ ಪಾಲಿಗೆ ಇದು ಗ್ರಹಚಾರವಲ್ಲದೆ ಮತ್ತೇನು?

ಈ ಗ್ರಹಚಾರ ಅತ್ಯಂತ ಕ್ರೂರವಾಗಿ ಕಂಡದ್ದು ಕ್ಯಾಲಿಫೋರ್ನಿಯಾದಲ್ಲಿ. 1994ರಲ್ಲಿ ಅಲ್ಲೊಂದು ಕಾನೂನು ಬಂತು: ಹಿಂದೆ ಎರಡು ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವನು ಮೂರನೆಯ ಸಲ ಯಾವುದೇ ಫೆಲನಿ ಮಾಡಿದರೂ 25 ವರ್ಷದಿಂದ ಜೀವಾವಧಿ. ಹಳೆಯ ಕಳ್ಳ ಮತ್ತೆ ಮಾಡಿದ ಚಿಲ್ಲರೆ ಕಳವನ್ನು ಫೆಲನಿ ಎಂದಾದರೂ ಬರೆಯಬಹುದು, ಸಣ್ಣ ಅಪರಾಧ ಎಂದಾದರೂ ಬರೆಯಬಹುದು. ಅದು ಸರಕಾರಿ ವಕೀಲನ, ಆಮೇಲೆ ನ್ಯಾಯಾಧೀಶರ ಇಚ್ಛೆ. 1995ರ ನವೆಂಬರಿನಲ್ಲಿ ಆಂಡ್ರಾಡೆ ಎಂಬಾತ ಎರಡು ಅಂಗಡಿಗಳಿಂದ ಒಂಬತ್ತು ವಿಡಿಯೊ ಕ್ಯಾಸೆಟ್ ಕದ್ದ. ಸ್ನೋ ವೈಟ್, ಸಿಂಡರೆಲ್ಲಾ ಮುಂತಾದ ಹೆಚ್ಚಾಗಿ ಮಕ್ಕಳ ಸಿನಿಮಾಗಳು. ಒಟ್ಟು ಬೆಲೆ ಸುಮಾರು 153 ಡಾಲರು. ಎರಡು ಕಳವು, ಎರಡೂ ಫೆಲನಿ ಎಂದು ಬರೆಯಲಾಯಿತು. ಶಿಕ್ಷೆ 25 ಕೂಡಿಸು 25, ಕನಿಷ್ಠ ಐವತ್ತು ವರ್ಷ. ಯೂಯಿಂಗ್ ಎಂಬ ಇನ್ನೊಬ್ಬ 2000ದಲ್ಲಿ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡು ಕುಂಟುತ್ತ ಹೊರಟು ಸಿಕ್ಕಿಬಿದ್ದ. ಒಂದೊಂದರ ಬೆಲೆ 399 ಡಾಲರು. ಆಗ ಅಲ್ಲಿನ ಗೆರೆ 400. 39 ಶಿಲಿಂಗಿನ ಕಾಲದ ಜ್ಯೂರಿಯ ಎದುರು ನಿಂತಿದ್ದರೆ ಏನಾಗುತ್ತಿತ್ತೋ. ಇಲ್ಲಿ ಮೂರನ್ನೂ ಕೂಡಿಸಿದರು, 25 ವರ್ಷದಿಂದ ಜೀವಾವಧಿ ಆಯಿತು. 2003ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಎರಡೂ ಶಿಕ್ಷೆಗಳನ್ನು ಎತ್ತಿಹಿಡಿಯಿತು. ಅದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಕಾನೂನನ್ನು ಸಣ್ಣ ಕಳವಿಗೆ ಬಳಸುವುದೇ ವಿರಳವಾಗಿತ್ತು. ಇಬ್ಬರೂ ಅಲ್ಲಿ ಕದ್ದಿದ್ದರೆ ಅವರ ಹೆಸರು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಆಮೇಲೆ ಮತದಾರರೇ ಈ ಗೆರೆಯನ್ನು ಅತ್ತಿತ್ತ ಎಳೆದಾಡಿದ್ದಾರೆ. 2012ರಲ್ಲಿ ಮೂರನೆಯ ಅಪರಾಧವೂ ಗಂಭೀರವಾಗಿದ್ದರೆ ಮಾತ್ರ ಜೀವಾವಧಿ ಎಂದರು. 2014ರಲ್ಲಿ 950 ಡಾಲರಿನೊಳಗಿನ ಬಹುತೇಕ ಕಳವು ಸಣ್ಣ ಅಪರಾಧ ಎಂದರು. ಅಂಗಡಿ ಲೂಟಿಯ ದೃಶ್ಯಗಳನ್ನು ಟಿ.ವಿ.ಯಲ್ಲಿ ನೋಡಿ ಬೇಸತ್ತು, 2024ರಲ್ಲಿ ಮೂರನೆಯ ಸಲವಾದರೆ ಮತ್ತೆ ಫೆಲನಿ ಆಗಬಹುದು ಎಂದರು. ಗೆರೆ ಏರಿಸಿದರೆ ಕಳ್ಳತನ ಹೆಚ್ಚುತ್ತದೆಯೇ ಎಂಬುದಕ್ಕೆ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ಉತ್ತರ: ಗೆರೆ ಏರಿಸಿದ ರಾಜ್ಯಗಳಲ್ಲಿ ಅದರಿಂದಾಗಿ ಕಳವು ಹೆಚ್ಚಿದ್ದು ಕಾಣಲಿಲ್ಲ.

ಅಲ್ಲಿರುವ ನಮ್ಮವರಿಗೆ ಇದರಲ್ಲಿ ಬೇರೆಯದೇ ಒಂದು ಕಂಟಕವಿದೆ. ವೀಸಾದ ಮೇಲಿರುವವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೂ, ರಾಜ್ಯದ ಗೆರೆಗಿಂತ ವಲಸೆ ಕಾನೂನಿನ ಗೆರೆ ಮುಖ್ಯ. ಕಳ್ಳತನಕ್ಕೆ ಒಂದು ವರ್ಷ ಅಥವಾ ಮೇಲ್ಪಟ್ಟ ಸಜೆ ವಿಧಿಸಿದರೆ, ಆ ಸಜೆಯನ್ನು ಪೂರ್ತಿ ಅಮಾನತ್ತಿನಲ್ಲಿಟ್ಟು ಒಂದು ದಿನವೂ ಜೈಲು ಕಾಣದಿದ್ದರೂ, ಕೇಂದ್ರದ ವಲಸೆ ಕಾನೂನು ಅದನ್ನು ಉಗ್ರ ಅಪರಾಧಗಳ ಪಟ್ಟಿಗೆ ಸೇರಿಸಿ ದೇಶದಿಂದ ಹೊರಹಾಕಬಹುದು. ಟೆನೆಸಿಯ 11 ತಿಂಗಳು 29 ದಿನದ ಬೆಲೆ ಇಲ್ಲಿ ತಿಳಿಯುತ್ತದೆ. ಒಂದು ವರ್ಷ ತುಂಬುವುದಿಲ್ಲವಲ್ಲ! ನ್ಯೂಯಾರ್ಕ್ 2019ರಲ್ಲಿ ಸಣ್ಣ ಅಪರಾಧದ ಗರಿಷ್ಠ ಸಜೆಯನ್ನು 365ರಿಂದ 364 ದಿನಕ್ಕೆ ಇಳಿಸಿದ್ದೂ ಈ ಕಾರಣಕ್ಕೇ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವನ್ನು ವಕೀಲ ಕಕ್ಷಿದಾರನಿಗೆ ಹೇಳಲೇಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿದೆ. 2025ರ ಜುಲೈಯಲ್ಲಿ ಭಾರತದಲ್ಲಿನ ಅಮೆರಿಕನ್ ರಾಯಭಾರ ಕಚೇರಿ, ಅಲ್ಲಿ ಹೋಗಿ ಕಳ್ಳತನ ಮಾಡಿದರೆ ವೀಸಾ ರದ್ದಾದೀತೆಂದು ಬಹಿರಂಗವಾಗಿಯೇ ಎಚ್ಚರಿಸಿತು. ಇಪ್ಪತ್ತು ಡಾಲರು ದಂಡ ಕಟ್ಟಿ ಮುಗಿಸೋಣ ಎಂದು ವಕೀಲರಿಲ್ಲದೆ ಸಹಿ ಹಾಕಿಬಿಡುವ ವಿದ್ಯಾರ್ಥಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಮೆಕಾಲೆ ಅಳಿಸಿದ್ದು, ನಾವು ಎಳೆದದ್ದು

ಈಗ ನಮ್ಮ ಮನೆಗೆ ಬರೋಣ. ಇಂಗ್ಲೆಂಡಿನ ಜ್ಯೂರಿಗಳು "4 ಪೌಂಡು 19 ಶಿಲಿಂಗು" ಎನ್ನುತ್ತಿದ್ದ ದಿನಗಳನ್ನು ಕಂಡ ಮೆಕಾಲೆ ಭಾರತಕ್ಕೆ ಬಂದದ್ದು 1834ರಲ್ಲಿ. ಅವನ ನೇತೃತ್ವದ ಆಯೋಗ 1837ರಲ್ಲಿ ಕರಡು ಮುಗಿಸಿತು. ಅದು 1860ರಲ್ಲಿ ಭಾರತೀಯ ದಂಡಸಂಹಿತೆಯಾಗಿ 1862ರಿಂದ ಜಾರಿಗೆ ಬಂತು. ಮೆಕಾಲೆಯ ಮೇಲೆ ನಮಗೆ ನೂರು ಸಿಟ್ಟಿರಬಹುದು, ಈ ವಿಷಯದಲ್ಲಿ ಮಾತ್ರ ಅವನ ಸಂಹಿತೆಯನ್ನು ಮೆಚ್ಚಬೇಕು. ಫೆಲನಿ, ಮಿಸ್‌ಡಿಮೀನರ್ ಎಂಬ ಭೇದವನ್ನೇ ಅದು ಕೈಬಿಟ್ಟಿತು. 378ನೆಯ ಕಲಮು ಕಳ್ಳತನ ಎಂದರೇನೆಂದು ವಿವರಿಸುತ್ತ ನಿಧಿ ಹೊತ್ತ ಎತ್ತು, ತಿಂಡಿಯ ಆಸೆಗೆ ಹಿಂದೆ ಬಂದ ನಾಯಿ, ಮೇಜಿನ ಮೇಲಿನ ಉಂಗುರ ಮುಂತಾದ ಸೊಗಸಾದ ದೃಷ್ಟಾಂತಗಳನ್ನು ಕೊಡುತ್ತದೆ. ಯಾವುದರ ಬೆಲೆಯನ್ನೂ ಹೇಳುವುದಿಲ್ಲ. 379ರಲ್ಲಿ ಶಿಕ್ಷೆ ಮೂರು ವರ್ಷದವರೆಗೆ. ಚಪ್ಪಲಿ ಕದ್ದರೂ ಅಷ್ಟೇ, ಕಾರು ಕದ್ದರೂ ಅಷ್ಟೇ. ಎಷ್ಟು ಕೊಡಬೇಕೆಂಬುದು ಮ್ಯಾಜಿಸ್ಟ್ರೇಟರ ವಿವೇಚನೆ.

ಬೆಲೆಯನ್ನು ಮುಂಬಾಗಿಲಿನಿಂದ ಕಳಿಸಿದರೂ ಅದು ಹಿತ್ತಿಲಿನಿಂದ ಒಳಗೆ ಬಂತು. ಶಿಕ್ಷೆಯ ಕಲಮಿನಲ್ಲಿ ಇಲ್ಲದ ಗೆರೆ ವಿಚಾರಣೆಯ ಕ್ರಮದಲ್ಲಿ ಕಾಣಿಸಿಕೊಂಡಿತು. ನಮ್ಮ ತಂದೆ ಎಡವಿದ್ದು ಆ 200, 250 ರೂಪಾಯಿಗಳ ಗೆರೆಯನ್ನೇ. ರಾಜಿಯ 250ರ ಗೆರೆ 2009ರ ತಿದ್ದುಪಡಿಯಲ್ಲಿ ಹೋಯಿತು. ಸಂಕ್ಷಿಪ್ತ ವಿಚಾರಣೆಯ ಗೆರೆ 2006ರಲ್ಲಿ 2,000ಕ್ಕೆ, 2024ರಲ್ಲಿ 20,000ಕ್ಕೆ ಏರಿತು. 2006ರಿಂದ ಅಮೆರಿಕದ ಮಾದರಿಯ ತಪ್ಪೊಪ್ಪಿಗೆ ಚೌಕಾಸಿಗೂ ನಮ್ಮಲ್ಲಿ ಅವಕಾಶ ಬಂತು, ಆದರೆ ಅದು ಊರಲಿಲ್ಲ. ನಮ್ಮ ಕೋರ್ಟುಗಳಲ್ಲಿ ಕಳವಿನ ಮೊಕದ್ದಮೆ ಕೊನೆಗಾಣುವ ಬಗೆಗಳು ಬೇರೆ: ಲೋಕ ಅದಾಲತ್ತಿನಲ್ಲಿ ರಾಜಿ, ಪಂಚರು ತಿರುಗಿಬಿದ್ದು ಬಿಡುಗಡೆ, ಇಲ್ಲವೆ ಆರೋಪಿ ಪರಾರಿಯಾಗಿ ಕಡತ ಕಪಾಟಿಗೆ. 1965ರಲ್ಲಿ ಬೀದರ್ ಜಿಲ್ಲೆಯಲ್ಲಿ ಎರಡು ಎಮ್ಮೆ, ಒಂದು ಕರು ಕದ್ದ ಆರೋಪದ ಮೇಲೆ ಸಿಕ್ಕು, ಜಾಮೀನು ಪಡೆದು ಕಾಣೆಯಾದವನನ್ನು ಪೊಲೀಸರು ಹುಡುಕಿ ತಂದದ್ದು 2023ರಲ್ಲಿ. ಅಷ್ಟರಲ್ಲಿ ಅವನಿಗೆ ಎಂಬತ್ತು ಸಮೀಪಿಸಿತ್ತು.

2024ರ ಜುಲೈ 1ರಂದು ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 303ನೆಯ ಕಲಮಿನಲ್ಲಿ, ಮೆಕಾಲೆ ಬಿಟ್ಟಿದ್ದ ಗೆರೆ ಕಾಣಿಸಿಕೊಂಡಿದೆ: ಐದು ಸಾವಿರ ರೂಪಾಯಿ. ಅದಕ್ಕಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಏನು ಸೇವೆ ಎಂಬುದನ್ನು ನ್ಯಾಯಾಲಯ ಹೇಳಬೇಕು. ಒಂದೂರಿನ ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆ ಗುಡಿಸುವುದು ಸೂಕ್ತವೆನಿಸಿದರೆ ಇನ್ನೊಂದೂರಿನವರಿಗೆ ಗಿಡ ನೆಡುವುದು ಸೂಕ್ತವೆನಿಸಬಹುದು. ಉದ್ದೇಶ ಒಳ್ಳೆಯದೇ, ಹೊಟ್ಟೆಗಿಲ್ಲದೆ ಕದ್ದವನನ್ನು ಪಳಗಿದ ಕಳ್ಳರ ಜೊತೆ ಕೂಡಿಹಾಕುವುದು ತಪ್ಪುತ್ತದೆ.

ಆದರೆ ಇದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. ಐದು ಸಾವಿರದೊಳಗಿನ ಕಳವು ಅಸಂಜ್ಞೇಯ ಅಪರಾಧ. ಅಂದರೆ ದೂರು ಕೊಟ್ಟರೆ ಠಾಣೆಯಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಎನ್ನುತ್ತಾರೆ. ಅವರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟಿಲ್ಲದೆ ಹಿಡಿಯುವಂತಿಲ್ಲ. ಕಾರಿದ್ದವನಿಗೆ ಐದು ಸಾವಿರ ಸಣ್ಣ ಮೊತ್ತ. ಸಂತೆಯಲ್ಲಿ ಸೊಪ್ಪು ಮಾರುವಾಕೆಗೆ ತಕ್ಕಡಿ, ಹಳೆಯ ಮೊಬೈಲು, ಎರಡು ಕೋಳಿ ಕಳೆದುಹೋದರೆ ಅದು ತಿಂಗಳ ಬದುಕು. ಅವಳು ಮ್ಯಾಜಿಸ್ಟ್ರೇಟರ ಅಪ್ಪಣೆ ತರಲು ಯಾವ ದಿನದ ವ್ಯಾಪಾರ ಬಿಟ್ಟು ಹೋಗಬೇಕು? ಮೊಬೈಲಿನ ಬೆಲೆ ಎಂದರೆ ಕೊಂಡಾಗಿನ ಒಂಬತ್ತು ಸಾವಿರವೋ, ಇಂದು ಮಾರಿದರೆ ಬರುವ ಎರಡು ಸಾವಿರವೋ? ಕಲಮಿನಲ್ಲಿ ಅದರ ವಿವರಣೆ ಇಲ್ಲ. ಕದ್ದವನು ಬಡವನಾದರೆ ಬೆಲೆ ಇಳಿಯಬೇಕು, ಕಳೆದುಕೊಂಡವನು ಬಡವನಾದರೆ ಏರಬೇಕು. ಎರಡೂ ಒಂದೇ ಕಾಗದದ ಒಂದೇ ಕಾಲಮ್ಮಿನಲ್ಲಿ ಬರೆಯಬೇಕಾದ ಅಂಕಿ. ಅದನ್ನು ಮೊದಲು ತುಂಬುವವರು ಇಂದಿಗೂ ಠಾಣೆಯ ರೈಟರೇ.

ನಮ್ಮ ತಂದೆಯ ಸೈಕಲ್ಲನ್ನು ಈ ಹೊಸ ಕಾನೂನಿನ ಮುಂದೆ ನಿಲ್ಲಿಸಿ ನೋಡುತ್ತೇನೆ. ಎಂಟು ವರ್ಷದ ಹಳೆಯ ಸೈಕಲ್ಲಿಗೆ ಇಂದು ಐದು ಸಾವಿರ ಯಾರೂ ಕೊಡುವುದಿಲ್ಲ. ಹುಡುಗ ಹದಿನಾಲ್ಕು ತಿಂಗಳು ಅಲೆಯುತ್ತಿರಲಿಲ್ಲ; ಸೈಕಲ್ಲು ವಾಪಸು ಕೊಟ್ಟು, ನಾಲ್ಕು ದಿನ ಶಾಲೆಯ ಅಂಗಳ ಗುಡಿಸಿ, ಮತ್ತೆ ಹೋಟೆಲಿಗೆ ಹೋಗುತ್ತಿದ್ದನೇನೋ. ಆದರೆ ಸೈಕಲ್ಲು ಹುಡುಕಲು ಪೊಲೀಸರೂ ಹೋಗುತ್ತಿರಲಿಲ್ಲ. ಇದನ್ನು ಯಾರಾದರೂ ತಿಳಿಸಿದ್ದರೆ ತಂದೆ ರೈಟರ ಮುಖ ನೋಡಿ, ಅದೇ ಬಿಗಿಯಿಂದ, "ಐದು ಸಾವಿರದ ನೂರು" ಎಂದು ಬರೆಸುತ್ತಿದ್ದರು. ಅವರ ಸ್ವಭಾವ ನನಗೆ ಗೊತ್ತು.